ಬೆರಳಿನ ಗ್ಯಾಸ್ಟ್ರಿಕ್

ಗ್ಯಾಸ್ಟ್ರಿಕ್ ಎಂಬುದು ಇಂಗ್ಲಿಷಿನಲ್ಲಿ ಬರೀ ಒಂದು ವಿಶೇಷಣವಂತೆ. ಜಠರಕ್ಕೆ ಸಂಬಂಧಪಟ್ಟದ್ದು ಎಂದಷ್ಟೇ ಅದರ ಅರ್ಥ. ನಮ್ಮ ಕಡೆಗೆ ಬಂದ ಮೇಲೆ ಅದು ನಾಮಪದವಾಗಿ ಬಡ್ತಿ ಪಡೆದು, ರೋಗವಾಗಿ, ಈಗ ಮನೆಮನೆಯಲ್ಲೂ ಕಾಯಂ ಆಗಿ ಕೂತುಬಿಟ್ಟಿದೆ. ದೊಡ್ಡಬಳ್ಳಾಪುರದಲ್ಲಿ ಅದಕ್ಕೊಬ್ಬ ಏಜೆಂಟರಿದ್ದರು. ಅವರೇ ನಮ್ಮ ಭಾವ ಆಂಜಿನಪ್ಪನವರು, ನನ್ನ ಅಕ್ಕ ವರಲಕ್ಷ್ಮಮ್ಮನ ಗಂಡ.

ಭಾವ ಮೂಲತಃ ಸಾಸಲು ಕಡೆಯ ಒಕ್ಕಲು ಮನೆತನದವರು. ಹೊಲದ ಕೆಲಸ ಮೈಗೆ ಒಗ್ಗುವುದಿಲ್ಲ ಎಂದು ಚಿಕ್ಕ ವಯಸ್ಸಿನಲ್ಲೇ ಕಂಡುಕೊಂಡು, ಪಾಲಿಗೆ ಬಂದ ಜಮೀನನ್ನು ಅಣ್ಣನಿಗೇ ಬಿಟ್ಟು, ದೊಡ್ಡಬಳ್ಳಾಪುರಕ್ಕೆ ಬಂದು ನಾಲ್ಕು ಪವರ್‌ಲೂಮ್ ಹಾಕಿದರು. ಮನೆಯ ಹಿಂದೆಯೇ ಮಗ್ಗದ ಮನೆ. ಮಗ್ಗಗಳು ಓಡುತ್ತಿದ್ದರೆ ಆ ಮನೆಯಲ್ಲಿ ಕೂಗಿಯೇ ಮಾತನಾಡಬೇಕು. ಮೂವತ್ತು ವರ್ಷ ಹಾಗೆ ಕೂಗಿ ಕೂಗಿ ಭಾವನಿಗೆ ಮೆಲ್ಲಗೆ ಮಾತನಾಡುವುದೇ ಮರೆತುಹೋಗಿದೆ. ಗಟ್ಟಿಯಾಗಿ ಹೇಳಿದ್ದೆಲ್ಲ ಸತ್ಯ ಎಂಬ ನಂಬಿಕೆಯೂ ಅದರ ಜೊತೆಯಲ್ಲೇ ಬೆಳೆಯಿತು.

ಅವರ ಬಿಳಿ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಮಾತ್ರೆಯ ಹಾಳೆ ಇರುತ್ತಿತ್ತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತಾರಲ್ಲ, ಹೊಟ್ಟೆಯ ಆಮ್ಲವನ್ನು ಕಟ್ಟಿಹಾಕುವ ಆ ಮಾತ್ರೆ. ಯಾರಿಗೆ ಏನೇ ಆಗಲಿ, ಭಾವನ ಕೈ ಜೇಬಿಗೆ ಹೋಗುತ್ತಿತ್ತು. ಚಟ್ ಎಂದು ಒಂದು ಮಾತ್ರೆ ಅಂಗೈಗೆ ಬೀಳುತ್ತಿತ್ತು. ಮಗ್ಗದವನಿಗೆ ಹಲ್ಲುನೋವು ಬಂದರೆ ಗ್ಯಾಸ್ಟ್ರಿಕ್ ದವಡೆಗೆ ಹತ್ತಿದೆ. ಎದುರುಮನೆಯವರಿಗೆ ಮಂಡಿನೋವು ಬಂದರೆ ಗ್ಯಾಸ್ಟ್ರಿಕ್ ಕಾಲಿಗೆ ಇಳಿದಿದೆ. ನೋಡಲು ಬಂದ ಒಬ್ಬ ಹುಡುಗನನ್ನು ನಾನು ಒಲ್ಲೆ ಎಂದಾಗ, "ಇವಳಿಗೆ ತಲೇಗ್ ಏರೈತೆ" ಎಂದು ನನ್ನ ಕೈಗೂ ಒಂದು ಕೊಟ್ಟಿದ್ದರು. ಆ ಹುಡುಗ ಈಗ ಏನಾಗಿದ್ದಾನೆಂದು ನೋಡಿದರೆ, ಮಾತ್ರೆ ಬೇಕಾಗಿದ್ದದ್ದು ಅವನಿಗೇ.

"ಗಾಳಿ ಕಣಮ್ಮಾ ಅದು," ಎಂದು ಭಾವ ವಿವರಿಸುವರು. "ಗಾಳಿಗೆ ಬಾಗಿಲು ಯಾರಾದ್ರೂ ಹಾಕಕ್ಕಾಯ್ತದಾ? ಎಲ್ಲಿಗ್ ಬೇಕಾದ್ರೂ ನುಗ್ತದೆ."

ಮಾತ್ರೆ ಕೊಡುವುದರ ಜೊತೆಗೆ ಪಥ್ಯವನ್ನೂ ಹೇಳುತ್ತಿದ್ದರು. ಊರಿನವರು ಮಾತ್ರೆ ನುಂಗಿ ಪಥ್ಯ ಮರೆಯುತ್ತಿದ್ದರು. ಮರೆಯಲಾಗದವಳು ಒಬ್ಬಳೇ, ನನ್ನ ಅಕ್ಕ. ಮಾಂಸ ಗ್ಯಾಸ್ಟ್ರಿಕ್ ಎಂದು ಮೊದಲು ಮಾಂಸ ಬಿಡಿಸಿದರು. ಆಮೇಲೆ ಮೊಟ್ಟೆ ಹೋಯಿತು. ಹಾಲು ಹೊಟ್ಟೆಯಲ್ಲಿ ಒಡೆದು ಗಾಳಿಯಾಗುತ್ತದೆ ಎಂದು ಹಾಲು, ಅದರ ಹಿಂದೆಯೇ ಮೊಸರು. ಹೀಗೆ ಬಿಡಿಸುತ್ತ ಬಿಡಿಸುತ್ತ ಅಕ್ಕನ ತಟ್ಟೆಯಲ್ಲಿ ಮುದ್ದೆ ಮತ್ತು ತಿಳಿಸಾರು ಮಾತ್ರ ಉಳಿದವು. ಮನೆಯಲ್ಲಿ ಭಾವನ ತಟ್ಟೆಯೂ ಹಾಗೆಯೇ ಇತ್ತು, ನೋಡಿದವರು ಮೆಚ್ಚಬೇಕು.

ಆದರೆ ಅವರ ಮಗಳು ಸಿಂಧುವನ್ನು ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಗೆ ಕೊಟ್ಟಿದೆ. ಭಾನುವಾರ ಬೆಳಕು ಹರಿಯುವ ಮೊದಲೇ ಭಾವ ಮಗಳನ್ನು ನೋಡಿಬರುತ್ತೇನೆಂದು ಬೈಕು ಹತ್ತುತ್ತಿದ್ದರು. ಮಗಳ ಮೇಲೆ ಎಂಥ ಪ್ರೀತಿ ಎಂದು ಅಕ್ಕ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಿಂಧು ಒಮ್ಮೆ ನನ್ನ ಹತ್ತಿರ ಬಾಯಿಬಿಟ್ಟಳು. "ಚಿಕ್ಕಮ್ಮಾ, ಅಪ್ಪ ನಮ್ಮನೇಗ್ ಬರೋದು ಬಿಸಿಲೇರಿದ ಮೇಲೆ. ಬಾಯಲ್ಲಿ ಸೋಂಪು. ತಿಂಡಿ ತಿನ್ನಿ ಅಂದ್ರೆ ಹೊಟ್ಟೆ ತುಂಬೈತೆ ಅಂತಾರೆ. ಅಂಗಿ ಪೂರ್ತಿ ಹೊಸಕೋಟೇಲಿ ಬೆಳಗಿನ ಜಾವಕ್ಕೇ ಮಾರೋ ದಮ್ ಬಿರಿಯಾನಿ ವಾಸ್ನೆ." ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ನಾನು ಈ ಮಾತನ್ನು ಅಕ್ಕನಿಗೆ ಹೇಳಲಿಲ್ಲ. ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದು ಒಳಗೇ ಇಟ್ಟುಕೊಂಡಿದ್ದೆ.

ಇನ್ನು ಅಕ್ಕನ ಮಾತು. ಭಾವ ಊರಿಗೆಲ್ಲ ಪರಿಚಿತರಾದರೂ, ರೇಷ್ಮೆ ಸೀರೆ ವ್ಯಾಪಾರದವರ ಬಾಯಲ್ಲಿ ಇದ್ದದ್ದು ಅಕ್ಕನ ಹೆಸರು. ಮಗ್ಗದ ಮೇಲೆ ಸೀರೆಗಳು ಒಂದರ ಹಿಂದೆ ಒಂದು ಉದ್ದಕ್ಕೆ ನೇಯ್ದುಕೊಂಡು ಬರುತ್ತವೆ. ಅವನ್ನು ಅಳತೆಗೆ ಕತ್ತರಿಸಬೇಕು. ಕತ್ತರಿಸಿದ ಮೇಲೆ ಸೆರಗಿನ ತುದಿಯಲ್ಲಿ ಉಳಿದ ಎಳೆಗಳನ್ನು ಹೊಸೆದು, ಗಂಟು ಹಾಕಿ, ಕುಚ್ಚು ಕಟ್ಟಬೇಕು. ಕುಚ್ಚಿಲ್ಲದ ಸೀರೆಯನ್ನು ಮದುವೆ ಮನೆಯಲ್ಲಿ ಯಾರೂ ಉಡುವುದಿಲ್ಲ. ಅಕ್ಕ ಕಟ್ಟಿದ ಕುಚ್ಚು ಎಂದರೆ ಒಂದರಂತೆ ಇನ್ನೊಂದು, ಮಣಿ ಸೇರಿಸಿದರೆ ಅಲುಗದು. "ವರಲಕ್ಷ್ಮಮ್ಮನ ಕೈಯಿ" ಎಂದರೆ ಗಿರಾಕಿ ಮರುಮಾತಾಡುತ್ತಿರಲಿಲ್ಲ. ಗಂಡನ ಗದ್ದಲದ ಮನೆಯಲ್ಲಿ ಬಾಯಿ ತೆಗೆಯದ ಅವಳು, ಏನು ಹೇಳುವುದಿದ್ದರೂ ಆ ಎಳೆಗಳಲ್ಲೇ ಹೇಳಿಕೊಂಡು ಬಂದವಳು.

ಆ ಕೈಗೆ ಎರಡು ವರ್ಷದ ಹಿಂದೆ ಕೇಡು ಶುರುವಾಯಿತು. ಮೊದಲು ಬೆರಳ ತುದಿಯಲ್ಲಿ ಇರುವೆ ಹರಿದಾಡಿದಂತೆ ಜುಮುಜುಮು. ಆಮೇಲೆ ಮರಗಟ್ಟಿತು. ಮಣಿ ಹಿಡಿದರೆ ಹಿಡಿದಿದ್ದೇನೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕು. ಸೂಜಿ ಚುಚ್ಚಿಕೊಂಡರೂ ಗೊತ್ತಾಗದೆ, ಸೀರೆಗೆ ರಕ್ತ ಹತ್ತಿದ ಮೇಲೆ ಗಾಬರಿಯಾಗುವಳು. ಒಂದು ಸಲ ಹಾಗೆ ಕಲೆಯಾದ ಸೀರೆ ವಾಪಸು ಬಂತು. ಅಲ್ಲಿಂದ ಮುಂದೆ ವ್ಯಾಪಾರದವರಿಂದ ಸೀರೆಯ ಗಂಟುಗಳು ಬರುವುದು ಕಡಿಮೆಯಾಯಿತು. ರೊಟ್ಟಿ ಮಗುಚುವಾಗ ಬೆರಳು ಹೆಂಚಿಗೆ ತಗುಲಿಸಿಕೊಂಡು, ಬೊಬ್ಬೆ ಎದ್ದ ಮೇಲೆ "ಯಾವಾಗ ಸುಟ್ಕೊಂಡ್ನೋ" ಎನ್ನುವಳು.

ನಾನು ತ್ಯಾಮಗೊಂಡ್ಲುವಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ರಜೆ ಸಿಕ್ಕಾಗಲೆಲ್ಲ ಬಸ್ಸು ಹಿಡಿದು ಹೋಗಿ ಇದೇ ಜಗಳ ತೆಗೆಯುತ್ತಿದ್ದೆ.

"ಭಾವ, ಅಕ್ಕನ್ನ ಒಬ್ರು ಡಾಕ್ಟರಿಗೆ ತೋರಿಸಣ."

"ಡಾಕ್ಟರ್ ಯಾಕಮ್ಮಾ? ಬೆರಳಿಗೆ ಹೊಡ್ದೈತೆ ಗ್ಯಾಸ್ಟ್ರಿಕ್ಕು. ನಾನೇ ಕೊಡ್ತಾ ಇದೀನಲ್ಲ."

"ಬೆರಳಿಗೆ ಹೊಟ್ಟೆ ಇದೆಯಾ ಭಾವ?"

"ನೀನು ಇಸ್ಟ್ರಿ ಟೀಚರ್ರು. ನಿನಗ್ ಇದೆಲ್ಲ ಗೊತ್ತಾಗಕಿಲ್ಲ."

ನಾನೇ ಕರೆದುಕೊಂಡು ಹೋಗುತ್ತೇನೆಂದರೆ ಅಕ್ಕ ಬರುತ್ತಿರಲಿಲ್ಲ. "ಅವರು ಕೊಡ್ತಾ ಇದಾರಲ್ಲ ಕಣೇ, ಮನಸ್ಸಿಗೆ ಬೇಜಾರ್ ಮಾಡ್ಕೋತಾರೆ" ಎನ್ನುವಳು. ಅವಳ ಬೆರಳು ಸಾಯುತ್ತಿದೆ, ಇವರ ಮನಸ್ಸಿಗೆ ಬೇಜಾರಂತೆ. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಭಾವನನ್ನು ಬೈಯದ ಊರಿಲ್ಲ.

ಹೀಗಿರುವಾಗ ಭಾವನಿಗೇ ಹೊಟ್ಟೆ ಕೆಟ್ಟಿತು. ಎರಡು ವಾರವಾದರೂ ಭೇದಿ ನಿಲ್ಲಲಿಲ್ಲ. ಅಕ್ಕನ ಬೆರಳಿಗೆ ಎರಡು ವರ್ಷ ಬೇಡವಾಗಿದ್ದ ಡಾಕ್ಟರು ಇವರ ಹೊಟ್ಟೆಗೆ ಮೂರನೇ ವಾರಕ್ಕೇ ಬೇಕಾದರು, ಅದೂ ಯಲಹಂಕ ದಾರಿಯ ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿನ ಹೊಟ್ಟೆಯ ಡಾಕ್ಟರು ಅಮ್ರೀನ್ ಎಂಬಾಕೆ. ದೊಡ್ಡಬಳ್ಳಾಪುರದ ಹುಡುಗಿಯೇ, ಅವರ ತಂದೆಯದೂ ಮಗ್ಗದ ಮನೆ. ಭಾವ ಒಬ್ಬರೇ ಹೋಗಿದ್ದರು. ಬಾಯಿಯಿಂದ ನಳಿಕೆ ಬಿಟ್ಟು ನೋಡಿದರಂತೆ. ಜಠರದ ಒಳಪದರ ದಪ್ಪಗಾಗಿದೆ ಎಂದರಂತೆ. ದಿನಾ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ ಭಾವ ಇಲ್ಲವೆಂದರಂತೆ. ಆಮೇಲೆ ಒಂದು ರಕ್ತದ ಪರೀಕ್ಷೆ ಬರೆದುಕೊಟ್ಟರು. ಅದರ ಹೆಸರು ಗ್ಯಾಸ್ಟ್ರಿನ್.

ನ ಕಾರಕ್ಕೂ ಕ ಕಾರಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಭಾವ ನೋಡುವವರಲ್ಲ. ಅವರ ಕಣ್ಣಿಗೆ ಅದು ಗ್ಯಾಸ್ಟ್ರಿಕ್ ಟೆಸ್ಟಾಗಿಯೇ ಕಂಡಿತು. ಇಷ್ಟು ವರ್ಷ ತಾವು ಹೇಳುತ್ತಿದ್ದುದನ್ನು ಕೊನೆಗೂ ಇಂಗ್ಲಿಷ್ ವೈದ್ಯಶಾಸ್ತ್ರ ಒಪ್ಪಿಕೊಂಡಿತು ಎಂದು ಎದೆಯುಬ್ಬಿಸಿ ಬಂದರು. ಫಲಿತಾಂಶ ಬಂದಾಗಲಂತೂ ನೆಲದ ಮೇಲೆ ನಿಲ್ಲಲಿಲ್ಲ. ನೂರರ ಒಳಗೆ ಇರಬೇಕಾದದ್ದು ಭಾವನಿಗೆ ಆರುನೂರರ ಮೇಲಿತ್ತು.

ಫೋನಿನಲ್ಲಿ ಆ ಚೀಟಿಯ ಫೋಟೋ ಇಟ್ಟುಕೊಂಡು ಟೀ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದರು. "ನೋಡ್ರಪ್ಪಾ, ನಿಮಗೆಲ್ಲ ಎಷ್ಟೈತೆ? ಐವತ್ತು, ಅರವತ್ತು. ನನಗೆ ಆರುನೂರು! ನೀವಾಗಿದ್ರೆ ಯಾವತ್ತೋ ಮಲ್ಕೋಬಿಡ್ತಿದ್ರಿ. ನಾನಾಗಿದ್ದಕ್ಕೆ ತಡ್ಕೊಂಡಿದೀನಿ." ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಡುಮ್ಕಿ ಹೊಡೆದ ಮನುಷ್ಯ ಬದುಕಿನಲ್ಲಿ ಮೊದಲ ಬಾರಿ ಆರುನೂರು ದಾಟಿದ್ದರು. ಖುಷಿಯಾಗದೆ ಇರುತ್ತದೆಯೇ.

ಆ ಖುಷಿ ನಾಲ್ಕು ದಿನ ಇತ್ತು. ಆಸ್ಪತ್ರೆಯಿಂದ ಫೋನು ಬಂತು. ಗ್ಯಾಸ್ಟ್ರಿನ್ ಇಷ್ಟು ಹೆಚ್ಚಿದ್ದರೆ ಅದನ್ನು ಸುರಿಸುವ ಗಡ್ಡೆ ಒಳಗೆಲ್ಲಾದರೂ ಇರಬಹುದು, ಸ್ಕ್ಯಾನ್ ಮಾಡಬೇಕು, ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದರು.

ಗಡ್ಡೆ ಎಂಬ ಮಾತಿಗೆ ಭಾವನ ಧ್ವನಿ ಮಗ್ಗ ನಿಂತಂತೆ ನಿಂತಿತು. ಅಕ್ಕ ಮುಡಿಪು ಕಟ್ಟಿದಳು. ನನಗೆ ಫೋನು ಮಾಡಿ, "ಜ್ಯೋತೀ, ನಿಮ್ ಭಾವನಿಗೆ ಏನಾದ್ರೂ ಆದ್ರೆ ನಾನೇನ್ ಮಾಡ್ಲೇ" ಎಂದು ಅತ್ತಳು. ಬಾಯಿಗೆ ಬಂದಂತೆ ಬೈದರೂ ಭಾವ ಭಾವನೇ. ಮಾರನೆಯ ದಿನ ರಜೆ ಹಾಕಿ ಹೊರಟೆ. ಭಾವನ ಹೊಟ್ಟೆಯ ಭಯ ನಿಜವಾಗಿತ್ತು. ಅಂತೂ ಅಕ್ಕ ಒಂದು ಆಸ್ಪತ್ರೆಯ ಬಾಗಿಲು ದಾಟುತ್ತಾಳೆ, ಹೇಗಾದರೂ ಮಾಡಿ ಆ ಬೆರಳನ್ನು ಡಾಕ್ಟರ ಮುಂದೆ ಚಾಚಿಸಬೇಕು ಎಂಬ ಹಟವೂ ಅಷ್ಟೇ ನಿಜವಾಗಿತ್ತು.

ಡಾಕ್ಟರ್ ಅಮ್ರೀನ್ ಚಿಕ್ಕ ವಯಸ್ಸಿನವರು, ಮುಖದಲ್ಲಿ ನಗು ಕಡಿಮೆ. ಭಾವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು.

"ಸ್ಕ್ಯಾನ್‌ಗೆ ಮುಂಚೆ ಇನ್ನೊಂದ್ಸಲ ಕೇಳ್ತೀನಿ. ದಿನಾ ಯಾವ ಮಾತ್ರೆನೂ ತಗೊಳಲ್ಲ ಅಲ್ವಾ ನೀವು?"

"ಅಯ್ಯೋ, ನಾನು ಮಾತ್ರೆ ಮುಟ್ಟೋನೇ ಅಲ್ಲಮ್ಮಾ. ಬಿಪಿ ಇಲ್ಲ, ಶುಗರ್ ಇಲ್ಲ."

ಪಕ್ಕದಲ್ಲಿ ಕೂತಿದ್ದ ನಾನೂ ತಲೆಯಾಡಿಸಿದೆ. ಬಿ.ಎಡ್. ಮಾಡಿದವಳು ನಾನು. ಆ ಮನುಷ್ಯನ ಜೇಬಿನಿಂದ ಚಟ್ ಎಂಬ ಸದ್ದನ್ನು ಸಾವಿರ ಸಲ ಕೇಳಿದವಳು. ನನಗೂ ಅದು ಮಾತ್ರೆ ಎನ್ನಿಸಲಿಲ್ಲ. ನಮ್ಮ ಕಡೆ ಯಾರಿಗೂ ಅನ್ನಿಸುವುದಿಲ್ಲ. ಔಷಧದ ಅಂಗಡಿಯಲ್ಲಿ ಜ್ವರಕ್ಕೆ ಮಾತ್ರೆ ಕೊಳ್ಳುತ್ತೇವೆ, ನೋವಿಗೆ ಮಾತ್ರೆ ಕೊಳ್ಳುತ್ತೇವೆ, ಕೊನೆಗೆ "ಗ್ಯಾಸ್ಟ್ರಿಕ್‌ದೂ ಒಂದು ಹಾಕಪ್ಪಾ" ಎನ್ನುತ್ತೇವೆ. ಅದು ಸೊಪ್ಪಿನ ಜೊತೆಗೆ ಬಿಟ್ಟಿಯಾಗಿ ಹಾಕುವ ಕರಿಬೇವಿನ ಲೆಕ್ಕ.

ಡಾಕ್ಟರು ಫೈಲು ಕೇಳಿದರು. ಫೈಲು ಅಕ್ಕನ ಕೈಯಲ್ಲಿತ್ತು. ಕೊಡಲು ಹೋದಳು, ಬೆರಳ ಸಂದಿಯಿಂದ ಜಾರಿ ಎಲ್ಲ ಕಾಗದವೂ ನೆಲಕ್ಕೆ ಬಿತ್ತು. ಆರಿಸಲು ಬಗ್ಗಿದರೆ ಒಂದೂ ಹಾಳೆ ಬೆರಳಿಗೆ ಸಿಗುತ್ತಿಲ್ಲ. ಡಾಕ್ಟರು ಅವಳ ಕೈಯನ್ನೇ ನೋಡಿದರು. ತುದಿಯಲ್ಲೆಲ್ಲ ಸುಟ್ಟ ಕಲೆ, ಸೂಜಿಯ ಗಾಯ.

"ಬೆರಳಿಗೆ ಏನಾಗಿದೆ ಅಮ್ಮಾ?"

ಅಕ್ಕ ಬಾಯಿ ತೆಗೆಯುವ ಮೊದಲೇ ಭಾವ ಉತ್ತರ ಕೊಟ್ಟರು. ಹೆಂಡತಿಯ ಉತ್ತರಗಳನ್ನೆಲ್ಲ ಅವರೇ ಕೊಟ್ಟು ರೂಢಿ. "ಅದೇನಿಲ್ಲ ಬಿಡಮ್ಮಾ. ಗ್ಯಾಸ್ಟ್ರಿಕ್ಕು."

"ಬೆರಳಿಗಾ?"

"ಹೂಂ, ಬೆರಳಿಗ್ ಇಳ್ದೈತೆ. ಅದಕ್ಕೇ ನಾನೇ ಕೊಡ್ತಾ ಇದೀನಿ. ದಿನಾ ಬೆಳಿಗ್ಗೆ ನನ್ ಜತೇಲೇ ಒಂದು."

ಡಾಕ್ಟರ ಪೆನ್ನು ನಿಂತಿತು. "ನಿಮ್ ಜತೇಲೇ ಒಂದು, ಏನು?"

"ಗ್ಯಾಸ್ಟ್ರಿಕ್‌ದು." ಭಾವ ಹೆಮ್ಮೆಯಿಂದ ಜೇಬಿಗೆ ಕೈ ಹಾಕಿ ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ಇಬ್ರೂ ಒಂದು ದಿನಾನೂ ತಪ್ಪಿಸಿಲ್ಲ. ಸಿಂಧು ಹೈಸ್ಕೂಲಲ್ಲಿ ಇದ್ದಾಗ್ಲಿಂದ."

"ಈಗ ತಾನೇ ಯಾವ ಮಾತ್ರೆನೂ ಇಲ್ಲ ಅಂದ್ರಲ್ಲ!"

"ಇದು ಮಾತ್ರೆ ಅಲ್ಲಮ್ಮಾ," ಎಂದರು ಭಾವ, ಪಾಪ ಇಷ್ಟು ಓದಿದವಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ದನಿಯಲ್ಲಿ. "ಇದು ಗ್ಯಾಸ್ಟ್ರಿಕ್‌ದು."

ಡಾಕ್ಟರು ಆ ಹಾಳೆಯನ್ನು ತಿರುಗಿಸಿ ಹೆಸರು ಓದಿದರು. ಆಮೇಲೆ ಸ್ಕ್ಯಾನಿನ ಚೀಟಿಯನ್ನು ಪಕ್ಕಕ್ಕೆ ಸರಿಸಿದರು.

"ನಿಮ್ದು ಮಗ್ಗದ ಮನೆ ಅಲ್ವಾ? ನಮ್ದೂ ಅದೇ. ಹಂಗೇ ಹೇಳ್ತೀನಿ ಕೇಳಿ. ಜಠರದ ಕೆಳಗಿನ ಭಾಗದಲ್ಲಿ ಕೆಲವು ಜೀವಕೋಶ ಇದಾವೆ. ಒಂದೊಂದೂ ಒಂದು ಪುಟ್ಟ ಮಗ್ಗದ ಮನೆ. ಮೊದ್ಲು ಒಂದು ಉದ್ದದ ಪ್ರೋಟೀನ್ ನೇಯ್ತವೆ. ಉದ್ದ ಇದ್ರೆ ಅದು ಕೆಲಸಕ್ಕೆ ಬರಲ್ಲ. ಗೊತ್ತಾದ ಜಾಗದಲ್ಲಿ ಕತ್ತರಿಸಬೇಕು. ಕತ್ತರಿಸಿದ ತುಂಡಿನ ತುದೀನ ಸರಿಮಾಡಿ ಮುಗಿಸ್ಬೇಕು. ನಿಮ್ಮ ಸೆರಗಿಗೆ ಕುಚ್ಚು ಕಟ್ತಾರಲ್ಲ, ಹಂಗೆ. ತುದಿ ಮುಗೀದಿದ್ರೆ ಅದಕ್ಕೆ ಬೆಲೆ ಇಲ್ಲ. ಹಂಗೆ ಪೂರ್ತಿ ಮುಗಿದ ಮಾಲೇ ಗ್ಯಾಸ್ಟ್ರಿನ್. ಅದು ರಕ್ತದಲ್ಲಿ ಹೋಗಿ ಜಠರಕ್ಕೆ ಆಮ್ಲ ಸುರಿಸು ಅಂತ ಹೇಳುತ್ತೆ."

"ಹಂಗಾದ್ರೆ ನನಗೆ ಮಾಲು ಜಾಸ್ತಿ ಐತೆ," ಎಂದರು ಭಾವ.

"ಯಾಕೆ ಜಾಸ್ತಿ ಇದೆ ಅಂತ ಕೇಳಿ. ಆಮ್ಲ ಸಾಕಷ್ಟು ಆದ್ರೆ, ಸಾಕು ನಿಲ್ಲಿಸು ಅಂತ ಆ ಮಗ್ಗಕ್ಕೆ ಸುದ್ದಿ ಹೋಗುತ್ತೆ. ನೀವು ದಿನಾ ಬೆಳಿಗ್ಗೆ ಈ ಮಾತ್ರೆ ನುಂಗಿ ಆಮ್ಲ ಬರೋ ಬಾಗಿಲನ್ನೇ ಮುಚ್ಚಿದೀರ. ಸಾಕು ಅನ್ನೋರೇ ಇಲ್ಲ. ಆಮ್ಲ ಬಂದಿಲ್ಲ, ನಾನು ಕಳಿಸಿದ ಮಾಲು ಸಾಲದೇನೋ ಅಂತ ಮಗ್ಗ ಇನ್ನೂ ಜೋರಾಗಿ ಓಡ್ತಾ ಇದೆ. ವರ್ಷಗಟ್ಟಲೆ. ಮಗ್ಗಾನೂ ಜಾಸ್ತಿ ಆಗಿದಾವೆ. ಆ ಅವಸರದಲ್ಲಿ ಅರ್ಧಂಬರ್ಧ ಕತ್ತರಿಸಿದ್ದು, ಕುಚ್ಚು ಕಟ್ಟದೇ ಇರೋದು, ಎಲ್ಲಾನೂ ರಕ್ತಕ್ಕೆ ತಳ್ತಾ ಇದಾವೆ. ನಿಮ್ಮ ಆರುನೂರು ಬಹುಶಃ ಗಡ್ಡೆಯಿಂದಲ್ಲ, ಈ ಜೇಬಿಂದ ಬಂದಿದ್ದು. ಭೇದಿಗೂ ಇದೇ ಕಾರಣ ಇರಬಹುದು. ನಾನು ಹೇಳಿದ ಹಂಗೆ ನಿಲ್ಲಿಸಿ. ಆಮೇಲೆ ಇನ್ನೊಂದು ಟೆಸ್ಟ್ ಮಾಡಿ ನೋಡೋಣ. ಇಳಿದ್ರೆ ಸ್ಕ್ಯಾನೇ ಬೇಡ."

ಗಡ್ಡೆಯಲ್ಲದಿರಬಹುದು ಎಂದ ಕೂಡಲೇ ಅಕ್ಕ ಕೈಮುಗಿದಳು. ಭಾವನ ಮುಖ ಮಾತ್ರ ಸಂತೋಷಕ್ಕೂ ಅವಮಾನಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಆರುನೂರು ಕೈಬಿಟ್ಟು ಹೋಗುತ್ತಿರುವುದು ಅವರಿಗೆ ಸುಲಭವಾಗಿ ಸಹಿಸುವ ಸಂಗತಿಯಾಗಿರಲಿಲ್ಲ.

ಭಾವ ಏಳಲು ಹೊರಟರು, ನಾನು ಬಿಡಲಿಲ್ಲ. "ಡಾಕ್ಟ್ರೇ, ಅಕ್ಕನ ಬೆರಳು" ಎಂದೆ. ಅವರೂ ಅದನ್ನೇ ಕಾಯುತ್ತಿದ್ದಂತೆ ಅಕ್ಕನನ್ನು ಹತ್ತಿರ ಕೂರಿಸಿಕೊಂಡು ಕಣ್ಣು ಮುಚ್ಚಲು ಹೇಳಿದರು. ಹತ್ತಿಯಿಂದ ಮುಟ್ಟಿದರು. ಆಮೇಲೆ ಸೂಜಿಯ ತುದಿಯಿಂದ ಒಂದೊಂದೇ ಬೆರಳನ್ನು ಚುಚ್ಚುತ್ತ ಬಂದರು. ಅಕ್ಕ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು. ಕೊನೆಗೆ ಮೆಲ್ಲಗೆ ಕೇಳಿದಳು.

"ಯಾವಾಗ ಚುಚ್ತೀರಮ್ಮಾ?"

ಡಾಕ್ಟರು ಚುಚ್ಚಿ ಮುಗಿಸಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಕೋಪವೂ ತಡೆಯಲಾಗಲಿಲ್ಲ. ಭಾವ ಗೋಡೆಯ ಮೇಲಿದ್ದ ಕರುಳಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಮಾಂಸ, ಮೊಟ್ಟೆ ತಿಂತೀರಾ ಅಮ್ಮಾ?"

"ಇಲ್ಲ. ಗ್ಯಾಸ್ಟ್ರಿಕ್ ಅಂತ ಬಿಡಿಸಿದಾರೆ."

"ಹಾಲು, ಮೊಸರು?"

"ಅದೂ ಬಿಟ್ಟಿದೀನಿ."

ನರಗಳಿಗೆ ಬೇಕಾದ ಬಿ ಟ್ವೆಲ್ವ್ ಎಂಬ ವಿಟಮಿನ್ನು ಅವುಗಳಲ್ಲೇ ಇರುವುದು, ಊಟದಿಂದ ಅದನ್ನು ಬಿಡಿಸಿಕೊಳ್ಳಲು ಹೊಟ್ಟೆಯಲ್ಲಿ ಆಮ್ಲ ಬೇಕು ಎಂದು ಡಾಕ್ಟರು ಹೇಳಿದರು. ಊಟವನ್ನೂ ಬಿಡಿಸಿ ಆಮ್ಲವನ್ನೂ ನಿಲ್ಲಿಸಿದರೆ ನರ ಒಣಗದೆ ಇನ್ನೇನು ಮಾಡುತ್ತದೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮ ಮನೆಯಲ್ಲಿ ಎಮ್ಮೆಗೆ ದಿನಾ ಬೆಳಗ್ಗೆ ತಪ್ಪದೆ ಬರೆ ಬೀಳುತ್ತಿತ್ತು.

ಡಾಕ್ಟರು ಭಾವನ ಕಡೆ ತಿರುಗಿದರು. "ನೀವೂ ಅದೇ ಪಥ್ಯನಾ? ನಿಮ್ಮ ಬೆರಳಿಗೆ ಏನೂ ಆಗಿಲ್ವಲ್ಲ?"

"ಹೂಂ, ಅದೇ ಪಥ್ಯ. ನಂದು ದೇಹ ಗಟ್ಟಿ," ಎಂದರು ಭಾವ.

ಒಳಗೇ ಇಟ್ಟುಕೊಂಡಿದ್ದ ಮಾತಿಗೆ ಹೊರಬರುವ ಕಾಲ ಬಂದಿತ್ತು. "ಹೊಸಕೋಟೆ ಬಿರಿಯಾನಿ ಒಂದು ಬಿಟ್ಟಿಲ್ಲ ಡಾಕ್ಟ್ರೇ," ಎಂದೆ. "ಪ್ರತಿ ಭಾನುವಾರ. ಮಗಳ ಮನೇಗ್ ಹೋಗೋ ನೆಪದಲ್ಲಿ."

ಅಕ್ಕ ಗಂಡನ ಮುಖ ನೋಡಿದಳು. ಬೈಯಲಿಲ್ಲ. "ಮಟನ್ನಾ, ಚಿಕನ್ನಾ?" ಎಂದು ಮಾತ್ರ ಕೇಳಿದಳು. ಭಾವ ಮತ್ತೆ ಗೋಡೆಯ ಮೇಲಿನ ಕರುಳಿನ ಚಿತ್ರದ ಕಡೆ ತಿರುಗಿದರು.

ರಕ್ತ ಪರೀಕ್ಷೆಯಲ್ಲಿ ಡಾಕ್ಟರ ಊಹೆ ನಿಜವಾಯಿತು. ಅಕ್ಕನಿಗೆ ಚುಚ್ಚುಮದ್ದು ಶುರು ಮಾಡಿದರು. ಹಾಲು, ಮೊಸರು, ಮೊಟ್ಟೆ ಮತ್ತೆ ತಟ್ಟೆಗೆ ಬಂದವು. "ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ತಡ ಆಗಿದೆ. ಬಂದಷ್ಟು ಬರ್ಲಿ," ಎಂದಿದ್ದರು ಡಾಕ್ಟರು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಕುಚ್ಚು ಕಟ್ಟದ ಅಕ್ಕನನ್ನು ನನಗೆ ಕಲ್ಪಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಭಾವನ ಕಥೆ ಬೇರೆಯೇ ನಡೆಯಿತು. ಮಾತ್ರೆ ಬಿಟ್ಟದ್ದೇ ತಡ, ಇಷ್ಟು ವರ್ಷ ಕಟ್ಟಿಹಾಕಿದ್ದ ಆಮ್ಲವೆಲ್ಲ ಒಟ್ಟಿಗೆ ಉಕ್ಕಿ ಎದೆ ಸುಟ್ಟಿತು. ಇದು ಆಗುವುದೇ, ಕೆಲವು ವಾರ ತಡೆದುಕೊಳ್ಳಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೀಗೆ ಊರಿಗೆಲ್ಲ ಗ್ಯಾಸ್ಟ್ರಿಕ್ ಹಂಚಿದ ಮನುಷ್ಯನಿಗೆ ಜೀವನದಲ್ಲಿ ಮೊದಲ ಬಾರಿ ನಿಜವಾದ ಗ್ಯಾಸ್ಟ್ರಿಕ್ ಬಂತು. ಟೀ ಅಂಗಡಿಯಲ್ಲಿ ಹೇಳಿಕೊಂಡರೆ ಒಬ್ಬರೂ ನಂಬಲಿಲ್ಲ. ಎರಡನೇ ಪರೀಕ್ಷೆಯಲ್ಲಿ ಆ ಆರುನೂರು ಎಲ್ಲರಂತೆ ಎರಡಂಕಿಗೆ ಇಳಿಯಿತು. ಭೇದಿಯೂ ನಿಂತಿತು. ಆ ಚೀಟಿಯ ಫೋಟೋ ಅವರು ಯಾರಿಗೂ ತೋರಿಸಲಿಲ್ಲ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಒಂದು ತಿಂಗಳು ಮಂಕಾಗಿದ್ದು, ಭಾವ ಚೇತರಿಸಿಕೊಂಡರು. ಈಗ ಅದೇ ಬಿಳಿ ಅಂಗಿಯ ಅದೇ ಜೇಬಿನಲ್ಲಿ ಬಿ ಟ್ವೆಲ್ವ್ ಮಾತ್ರೆಯ ಹಾಳೆ. ಮಗ್ಗದವನಿಗೆ ಹಲ್ಲುನೋವು ಬಂದರೆ ಬಿ ಟ್ವೆಲ್ವ್ ಕಡಿಮೆ. ಎದುರುಮನೆಯವರ ಮಂಡಿಗೂ ಅದೇ. "ಎಲ್ಲಾ ನರ ಕಣ್ರಯ್ಯಾ," ಎಂದು ವಿವರಿಸುತ್ತಾರೆ. "ನರ ಇಲ್ದೇ ಇರೋ ಜಾಗ ಮೈಯಾಗ್ ಎಲ್ಲೈತೆ?" ಜಠರದಲ್ಲಿ ಮಗ್ಗದ ಮನೆಯಿದೆ ಎಂಬುದನ್ನು ಕಂಡುಹಿಡಿದವರೂ ತಾವೇ ಎಂಬಂತೆ ಹೇಳುತ್ತಾರೆ. ಬೆರಳಿನ ಮಾತು ಮಾತ್ರ ಎತ್ತುವುದಿಲ್ಲ. ಕ್ಷಮೆ ಎಂಬ ಪದಕ್ಕೆ ಅವರ ಜೇಬಿನಲ್ಲಿ ಮಾತ್ರೆಯಿಲ್ಲ.

ಹೋದ ಭಾನುವಾರ ನಾನು ಹೋದಾಗ ಕರೆಂಟು ಹೋಗಿತ್ತು. ಮಗ್ಗಗಳೆಲ್ಲ ಸುಮ್ಮನಿದ್ದವು. ಅಕ್ಕ ಪಡಸಾಲೆಯ ಬಾಗಿಲಲ್ಲಿ ಬೆಳಕಿಗೆ ಕೂತು, ತನ್ನದೇ ಒಂದು ಹಳೆಯ ಸೀರೆಯ ಸೆರಗನ್ನು ಮಡಿಲಲ್ಲಿ ಹರಡಿಕೊಂಡಿದ್ದಳು. ಗಿರಾಕಿಗಳ ಸೀರೆ ಮುಟ್ಟಲು ಇನ್ನೂ ಧೈರ್ಯವಿಲ್ಲ, ಕೈ ಪಳಗಿಸುತ್ತಿದ್ದೇನೆ ಎಂದಳು. ಕಟ್ಟಿದ ಕುಚ್ಚುಗಳು ಒಂದು ದಪ್ಪ, ಒಂದು ಸಣ್ಣ. ಹೊಸದಾಗಿ ಕಲಿಯುವ ಹುಡುಗಿಯರೂ ಅದಕ್ಕಿಂತ ಚೆನ್ನಾಗಿ ಕಟ್ಟುತ್ತಾರೆ. ನಾನು ಹತ್ತಿರ ಕೂತು ನೋಡುತ್ತಿದ್ದೆ. ಮಣಿ ಸೇರಿಸಲು ಸೂಜಿ ತೆಗೆದುಕೊಂಡಳು. ಎರಡು ಸಲ ಜಾರಿತು. ಮೂರನೆಯ ಸಲ ಗಟ್ಟಿಯಾಗಿ ಹಿಡಿದಳು, ಎಳೆಯ ಮೇಲಿಟ್ಟು ಒತ್ತಿದಳು.

"ಆ!" ಎಂದು ಕೈ ಹಿಂದಕ್ಕೆಳೆದುಕೊಂಡಳು.

ತೋರುಬೆರಳ ತುದಿಯಲ್ಲಿ ಒಂದು ಹನಿ ರಕ್ತ. ಅಕ್ಕ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಜ್ಯೋತೀ, ಚುರ್ ಅಂತು ಕಣೇ. ನೋವಾಯ್ತು. ನೋಡೇ, ನೋಯ್ತಾ ಐತೆ!" ಎಂದು ನಗುತ್ತ ಅಳುತ್ತ ಬೆರಳನ್ನು ನನ್ನ ಮುಖದ ಹತ್ತಿರ ತಂದಳು. ನಾನು ಆ ಬೆರಳನ್ನು ಹಿಡಿದುಕೊಂಡು ಅತ್ತೆ.

ಗದ್ದಲಕ್ಕೆ ಭಾವ ಮಗ್ಗದ ಮನೆಯಿಂದ ಹೊರಬಂದರು. "ಏನಂತೆ? ಏನ್ ನೋವಂತೆ?" ಎಂದು ಕೂಗಿದರು. ಮಗ್ಗ ನಿಂತಿದೆ, ಕೂಗಬೇಕಾಗಿಲ್ಲ ಎಂಬುದು ಅವರಿಗೆ ತಿಳಿಯಲಿಲ್ಲ. ಕೂಗುತ್ತಿದ್ದಂತೆ ಅವರ ಕೈ ತಾನಾಗಿಯೇ ಜೇಬಿಗೆ ಹೋಯಿತು.

ಅಕ್ಕ ತಲೆಯೆತ್ತಿದಳು. ಮೂವತ್ತು ವರ್ಷ ಆ ಮನೆಯಲ್ಲಿ ಅವಳು ಗಂಡನಿಗೆ ಎದುರಾಡಿದ್ದನ್ನು ನಾನು ಕೇಳಿಲ್ಲ. ಆವತ್ತೂ ದನಿ ಏರಿಸಲಿಲ್ಲ. ಕರೆಂಟಿಲ್ಲದ ಆ ಮನೆಯಲ್ಲಿ ಅಷ್ಟೇ ಸಾಕಾಗಿತ್ತು.

"ಜೇಬಿಂದ ಕೈ ತೆಗೀರಿ," ಎಂದಳು. "ಈ ನೋವು ನಂದು."

ಭಾವ ಕೈ ತೆಗೆದರು.